ಕಾಶಿಯಲ್ಲಿ ಬಿಟ್ಟ ಸೇಬು

ಕಾಶಿಗೆ ಹೋದವರು ಒಂದು ಹಣ್ಣನ್ನೋ ಕಾಯಿಯನ್ನೋ ಬಿಟ್ಟು ಬರಬೇಕು. ಇದು ನಮ್ಮ ಕಡೆಯ ಹಳೆಯ ರೂಢಿ. ಬಿಟ್ಟ ಮೇಲೆ ಬದುಕಿರುವವರೆಗೂ ಅದನ್ನು ಬಾಯಿಗೆ ಹಾಕುವಂತಿಲ್ಲ. ತೀರಿಕೊಂಡವರ ಹೆಸರು ಹೇಳಿ ತನಗೆ ಅತಿ ಇಷ್ಟವಾದದ್ದನ್ನು ಬಿಟ್ಟರೆ ಅದು ಅವರಿಗೆ ಮುಟ್ಟುತ್ತದೆ ಎಂದು ನಂಬಿಕೆ.

ಆದರೆ ಹಾಗಲಕಾಯಿ ಬಿಟ್ಟು ಬಂದವರೇ ಹೆಚ್ಚು. ನನಗೆ ಗೊತ್ತಿರುವವರಲ್ಲೇ ನಾಲ್ಕು ಜನ ಇದ್ದಾರೆ.

ಪಂಢರಿನಾಥನೂ ಅದೇ ಸಾಲಿನವನು. ಅಪ್ಪ ತೀರಿಕೊಂಡ ವರ್ಷ ಅವನು ಕಾಶಿಗೆ ಹೋದ. ಗಂಗೆಯಲ್ಲಿ ನಿಂತು, ಬೊಗಸೆಯಲ್ಲಿ ನೀರು ಹಿಡಿದು, ಅಪ್ಪನ ಹೆಸರು ಹೇಳಿ ಸೇಬುಹಣ್ಣನ್ನು ಬಿಟ್ಟ.

ಅವನಿಗೆ ಜೀವ ಅಂದರೆ ಮಾವಿನಹಣ್ಣು. ಸೇಬು ಕಂಡರೆ ಆಗುತ್ತಿರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದಾಗ ನೋಡಲು ಬಂದವರೆಲ್ಲ ಸೇಬು ತಂದು ದಿಂಬಿನ ಪಕ್ಕ ಇಡುತ್ತಿದ್ದರು. ಔಷಧಿಯ ವಾಸನೆ, ಕಾಯಿಲೆಯ ವಾಸನೆ ಎಲ್ಲ ಆ ಹಣ್ಣಿಗೆ ಅಂಟಿಕೊಂಡುಬಿಟ್ಟಿದ್ದವು.

ನೀರು ಬಿಟ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಅವನಿಗೆ ಮನಸ್ಸು ಕೆಟ್ಟಿತು. ಅಪ್ಪನಿಗೇ ಮೋಸ ಮಾಡಿದೆ ಅನ್ನಿಸಿತು. ಊರಿಗೆ ಹೋಗಲು ಮುಖವಿಲ್ಲದೆ ಉತ್ತರದ ಬೆಟ್ಟಗಳ ಕಡೆ ಹೊರಟ.

ಅಲ್ಲಿ ಒಂದು ನದಿಯ ದಂಡೆಯ ಮೇಲೆ ತಾರಾಬಾಯಿ ಅವ್ವನವರ ಆಶ್ರಮ. ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಹೋಗಿಬರುವ ನಮ್ಮ ಕಡೆಯ ಯಾತ್ರಿಕರು ಅಲ್ಲಿ ಇಳಿದುಕೊಳ್ಳುತ್ತಾರೆ. ಅವ್ವ ಧಾರವಾಡದ ಕಡೆಯವರು. ಬೆಟ್ಟಕ್ಕೆ ಬಂದು ನಲವತ್ತು ವರ್ಷವಾದರೂ ಅವರ ಮಾತು ಒಂದು ಚೂರೂ ಬದಲಾಗಿರಲಿಲ್ಲ.

"ನಾ ಇಲ್ಲೇ ಇರ್ತೀನಿ ಅವ್ವ. ತಿರುಗಿ ಹೋಗೂದಿಲ್ಲ," ಅಂದ ಪಂಢರಿನಾಥ.

"ಇರು," ಅಂದರು ಅವ್ವ.

ಅವನು ಕಾಶಿಯ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಹೇಳಿ ಮುಗಿಸಿ ಕೇಳಿದ:

"ನಾ ಬಿಟ್ಟದ್ದು ನಮ್ಮಪ್ಪಗ ಮುಟ್ಟೇದೋ ಇಲ್ಲೋ?"

"ಹಿತ್ತಲದಾಗ ಏನದ, ನೋಡಿ ಬಾ," ಅಂದರು ಅವ್ವ.

ಹಿತ್ತಲಲ್ಲಿ ಹನ್ನೊಂದು ಸೇಬಿನ ಮರಗಳಿದ್ದವು. ಹನ್ನೊಂದರಲ್ಲೂ ಕಾಯಿ ಜೋತುಬಿದ್ದಿತ್ತು.

ಪಂಢರಿನಾಥ ತಿರುಗಿ ಬಂದು ತನ್ನ ಚೀಲವನ್ನು ಮೂಲೆಗಿಟ್ಟ.

ಮಹಾನವಮಿ ಕಳೆಯಿತು. ಆಕಾಶ ತಿಳಿಯಾಯಿತು, ಬೆಳಗಿನ ಗಾಳಿ ಮೂಳೆಗೆ ತಾಕತೊಡಗಿತು. ಮರದಲ್ಲಿ ಸೇಬು ಕೆಂಪೇರಿದವು. ಹಿಮ ಬೀಳುವ ಕಾಲವೆಂದು ದೀಪಾವಳಿಗೆ ಮೇಲಿನ ದೇವಸ್ಥಾನದ ಬಾಗಿಲು ಹಾಕುತ್ತಾರೆ. ಅದಕ್ಕೆ ಮೊದಲು ದರ್ಶನ ಮುಗಿಸಬೇಕೆಂದು ಜನ ಹಿಂಡುಹಿಂಡಾಗಿ ಹತ್ತುತ್ತಿದ್ದರು, ನಡುಗುತ್ತ ಇಳಿಯುತ್ತಿದ್ದರು.

ಒಂದು ಬೆಳಿಗ್ಗೆ ಅವ್ವ ಅವನನ್ನು ಕರೆದರು.

"ಇಳದು ಬಂದ ಮಂದಿಗೆ ಸೇಬಿನ ಬಿಸಿ ಪಾನಕ ಕೊಡೂದು ಇಲ್ಲಿ ಪದ್ಧತಿ. ಈ ವರ್ಷ ನೀ ಮಾಡು."

"ನಾ ಸೇಬು ಬಿಟ್ಟೀನಲ್ಲ ಅವ್ವ."

"ತಿನ್ನೂದು ಬಿಟ್ಟೀಯೋ, ಹೆಚ್ಚೂದೂ ಬಿಟ್ಟೀಯೋ?"

"ತಿನ್ನೂದು."

"ಹಂಗಾದ್ರ ಹೆಚ್ಚು."

"ರುಚಿ ನೋಡದನ ಹೆಂಗ ಮಾಡ್ಲಿ?"

"ಹಣ್ಣು, ನೀರು, ಬೆಲ್ಲ, ಹಸಿಶುಂಠಿ, ದಾಲ್ಚಿನ್ನಿ, ಎರಡು ಲವಂಗ. ಉರಿ ಸಣ್ಣಗಿರಲಿ."

"ಬೆಲ್ಲ ಎಷ್ಟು, ಶುಂಠಿ ಎಷ್ಟು?"

"ಹಿತ ಆಗೋವಷ್ಟು."

"ಯಾರಿಗೆ ಹಿತ ಆಗೋವಷ್ಟು?"

"ಅದನ್ನ ಕೇಳಿದಿಯಲ್ಲ, ಛಲೋ ಆತು," ಅಂದು ಅವ್ವ ಸ್ನಾನಕ್ಕೆ ಹೋದರು.

ಪಂಢರಿನಾಥನಿಗೆ ಗೊತ್ತಿದ್ದದ್ದು ಒಂದೇ, ನೆಗಡಿಗೆ ಮಾಡುವ ಕಷಾಯ. ಅದನ್ನೇ ನೆಚ್ಚಿಕೊಂಡ. ಸೇಬಿನ ಸಿಪ್ಪೆಯನ್ನೆಲ್ಲ ಚೊಕ್ಕವಾಗಿ ಹೆರೆದು ಬಿಸಾಡಿದ. ಕಾಳುಮೆಣಸು ಕುಟ್ಟಿ ಹಾಕಿದ. ಒಂದು ಕೊಡ ನೀರು ಅರ್ಧ ಕೊಡ ಆಗುವವರೆಗೆ ದೊಡ್ಡ ಉರಿಯಲ್ಲಿ ಕುದಿಸಿದ. ಕಹಿಯಾಗಿದ್ದರೆ ಎಂದು ಹೆದರಿ ಬೆಲ್ಲದ ಮೇಲೆ ಬೆಲ್ಲ ಹಾಕಿದ.

ಯಾತ್ರಿಕರು ಲೋಟವನ್ನು ಎರಡು ಕೈಯಲ್ಲಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡರು.

"ಹೆಂಗದರಿ?" ಅವನು ಕೇಳಿದ.

"ಪ್ರಸಾದ ಅಲ್ಲೇನಪಾ. ಅಮೃತ," ಅಂದರು.

ಮರುದಿನ ಮೆಣಸು ಇನ್ನಷ್ಟು ಹಾಕಿದ. ಅದೂ ಅಮೃತವಾಯಿತು. ಮೂರನೆಯ ದಿನ ಬೆಲ್ಲ ಹಾಕುವುದನ್ನೇ ಮರೆತ. ಅದಕ್ಕೂ ಅಮೃತ ಅಂದರು.

ಅವನು ಸೋತುಹೋಗಿ ಅವ್ವನ ಹತ್ತಿರ ಬಂದ.

"ಅವ್ವ, ಬೆಲ್ಲ ಹಾಕಿದ್ರೂ ಅಮೃತ, ಬಿಟ್ರೂ ಅಮೃತ. ಒಬ್ಬರೂ ಖರೇ ಹೇಳವಲ್ರು."

"ಪ್ರಸಾದದಾಗ ಯಾರು ತಪ್ಪು ಹಿಡೀತಾರ?"

"ನೀವರ ಒಂದು ಗುಟುಕು ಕುಡದು ಹೇಳ್ರಿ."

"ನನಗ ಥಂಡಿ ಆಗಿಲ್ಲ."

"ಮತ್ತ ನನಗ ಗೊತ್ತಾಗೂದು ಹೆಂಗ?"

"ನಾಳಿಯಿಂದ ಲೋಟ ನೀ ತೊಳಿ," ಅಂದರು ಅವ್ವ.

ಆ ಆಶ್ರಮದಲ್ಲಿ ಅವರವರ ಲೋಟ ಅವರವರೇ ತೊಳೆದಿಡುತ್ತಿದ್ದರು. ಪಂಢರಿನಾಥ ಇದನ್ನು ಶಿಕ್ಷೆಯೆಂದೇ ತಿಳಿದ. ಮುಖ ಗಂಟು ಹಾಕಿಕೊಂಡು ಮರುದಿನ ಎಲ್ಲರ ಲೋಟ ಬಳಿದು ತಂದ. ಒಂದರಲ್ಲೂ ತೊಟ್ಟು ಉಳಿದಿರಲಿಲ್ಲ. ಅವನ ಮುಖ ಅರಳಿತು.

"ಎಲ್ಲಾ ಖಾಲಿ ಅವ್ವ. ಚಟ್ಟಂತ ಕುಡದಾರ."

"ಎಲ್ಲಿ ಖಾಲಿ ಮಾಡಿದ್ರು, ನೋಡಿದಿಯೇನು?"

ಅವನಿಗೆ ಮಾತಿನ ಅರ್ಥ ಆಗಲಿಲ್ಲ. ಆಗಿದ್ದು ಮರುದಿನ ಬೆಳಿಗ್ಗೆ, ಪೂಜೆಗೆ ಚೆಂಡುಹೂವು ಕೀಳಲು ಹೋದಾಗ. ಗಿಡಗಳ ಬುಡದಲ್ಲಿ ಇರುವೆಗಳು ಸಾಲುಗಟ್ಟಿದ್ದವು. ಮಣ್ಣೆಲ್ಲ ಅಂಟಂಟು.

ಪ್ರಸಾದವನ್ನು ಬೇಡ ಅನ್ನುವಂತಿಲ್ಲ, ಕಾಲಿಗೆ ಸಿಗುವಲ್ಲಿ ಚೆಲ್ಲುವಂತಿಲ್ಲ. ಪಾಪ, ಆ ಮರ್ಯಾದಸ್ಥ ಜನ ಎರಡು ಗುಟುಕು ಕುಡಿದು, ಮಿಕ್ಕಿದ್ದನ್ನು ಯಾರಿಗೂ ಕಾಣದಂತೆ ಹೂವಿನ ಗಿಡಕ್ಕೆ ಹೊಯ್ದು, ಅಮೃತ ಎಂದು ಹೇಳಿ ಹೋಗಿದ್ದರು.

ಪಂಢರಿನಾಥನಿಗೆ ನಾಚಿಕೆಯಾಯಿತು. ಆಮೇಲೆ ಒಬ್ಬನೇ ಕೂತು ನಕ್ಕ.

ಅಂದಿನಿಂದ ಅವನಿಗೆ ಇರುವೆ ನೋಡುವುದೇ ಕೆಲಸವಾಯಿತು. ಬೆಲ್ಲ ಇಳಿಸಿದ. ಇರುವೆ ಕಡಿಮೆಯಾದವು. ಇನ್ನಷ್ಟು ಇಳಿಸಿದ. ಇನ್ನಷ್ಟು ಕಡಿಮೆಯಾದವು. ಐದನೆಯ ದಿನ ಒಂದೂ ಇರುವೆ ಇರಲಿಲ್ಲ.

"ಈಗ ಸರಿ ಆತು ಅವ್ವ. ಗಿಡದ ಬುಡಕ್ಕ ಒಂದು ಇರಬಿ ಇಲ್ಲ."

"ಬೆಲ್ಲ ಎಷ್ಟು ಹಾಕಿದ್ದಿ?"

"ಇಷ್ಟ ಇಷ್ಟು," ಅಂದು ಉಗುರಿನ ತುದಿ ತೋರಿಸಿದ.

"ಸಪ್ಪನ ನೀರಿಗೆ ಇರಬಿ ಯಾಕ ಬರ್ತಾವೋ ಪಂಢರಿ?"

ಅವನು ತನ್ನ ಉಗುರಿನ ತುದಿಯನ್ನು ಇನ್ನೊಮ್ಮೆ ನೋಡಿಕೊಂಡ.

"ಗಿಡ ನೋಡಿದ್ದು ಸಾಕು," ಅಂದರು ಅವ್ವ. "ಇನ್ನ ಮಂದೀನ್ನ ನೋಡು."

ಹೀಗೆ ಅವನು ಮಂದಿಯನ್ನು ನೋಡಲು ಕೂತ. ಹೇಗಿದೆ ಎಂದು ಕೇಳುವುದನ್ನು ನಿಲ್ಲಿಸಿದ. ಒಲೆಯ ಪಕ್ಕ ಸುಮ್ಮನೆ ಕೂತು, ಲೋಟ ಹಿಡಿದ ಕೈಗಳನ್ನೂ ಕುಡಿಯುವ ಮುಖಗಳನ್ನೂ ನೋಡಿದ.

ಎಷ್ಟೊಂದು ಕಾಣಿಸಿತು. ಮೇಲಿನ ಎತ್ತರದಿಂದ ಇಳಿದವರಿಗೆ ಹೊಟ್ಟೆ ತೊಳಸುತ್ತಿರುತ್ತದೆ; ಸಿಹಿ ಮುಂದಾದರೆ ಲೋಟವನ್ನು ಮೂಗಿನಿಂದ ದೂರ ಹಿಡಿಯುತ್ತಾರೆ, ಶುಂಠಿ ಮುಂದಾದರೆ ಹತ್ತಿರ ತರುತ್ತಾರೆ. ಲವಂಗ ಬಾಯಿಗೆ ಸಿಕ್ಕರೆ ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡುತ್ತಾರೆ. ಹಲ್ಲಿಲ್ಲದ ಮುದುಕರು ತಳದಲ್ಲಿ ಉಳಿದ ಮೆತ್ತನೆಯ ಹಣ್ಣನ್ನು ಬೆರಳಿನಿಂದ ಬಳಿದು ತಿನ್ನುತ್ತಾರೆ.

ಅವನು ಲವಂಗ ದಾಲ್ಚಿನ್ನಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿಗೆ ಬಿಟ್ಟ. ಸೇಬನ್ನು ಸಿಪ್ಪೆ ಸಮೇತ ಹೆಚ್ಚಿದ. ಸಿಪ್ಪೆಯಿಂದ ಪಾನಕಕ್ಕೆ ಸಂಜೆಯ ಬಣ್ಣ ಬಂತು. ಹಣ್ಣು ಕೈಯಲ್ಲಿ ಹಿಚುಕಿದರೆ ಕರಗುವಷ್ಟು ಬೆಂದಮೇಲೆ ಸೌಟಿನಲ್ಲಿ ಮಸೆದ. ತೆಳು ಬಟ್ಟೆಯಲ್ಲಿ ಸೋಸಿದ, ಒಂದಿಷ್ಟು ಹಣ್ಣು ಜಾರಿ ಇಳಿಯಲೆಂದು ಬಿಟ್ಟ. ಬೆಲ್ಲವನ್ನು ಕೊನೆಗೆ ಹಾಕಿದ. ಶುಂಠಿಯನ್ನು ಇನ್ನೂ ಕೊನೆಗೆ, ಇಳಿಸುವ ಹೊತ್ತಿಗೆ ಜಜ್ಜಿ ಹಾಕಿದ. ಅದರ ಹಬೆ ಎದ್ದಾಗ ಬಾಗಿಲ ಹೊರಗೆ ಕೂತವರೂ ತಲೆ ಎತ್ತಿ ಒಳಗೆ ನೋಡುತ್ತಿದ್ದರು.

ಒಂದು ದಿನ ಒಬ್ಬ ಹೆಂಗಸು ಲೋಟ ತೆಗೆದುಕೊಂಡು, ಒಂದು ಗುಟುಕೂ ಕುಡಿಯದೆ, ತಣ್ಣಗಾದ ಮೇಲೆ ವಾಪಸು ಇಟ್ಟು ಹೋದಳು. ಪಂಢರಿನಾಥನಿಗೆ ಬೇಸರವಾಯಿತು.

"ಏನು ತಪ್ಪು ಮಾಡಿದ್ನೋ ಗೊತ್ತಾಗವಲ್ದು ಅವ್ವ. ಬಾಯಿಗೇ ಹಚ್ಚಲಿಲ್ಲ."

"ಮತ್ತೇನು ಮಾಡಿದಳು?"

"ಅಂಗೈಯಾಗ ಒತ್ತಿ ಹಿಡಕೊಂಡು ಕೂತಿದ್ದಳು. ಗಲ್ಲಕ್ಕ ಹಚ್ಚಿಕೊಂಡಳು. ಆಮ್ಯಾಲೆ ಕಣ್ಣು ಮುಚ್ಚಿದಳು."

"ಬರೂವಾಗ ಬೆರಳು ಹೆಂಗಿದ್ವು?"

"ಬೆಳ್ಳಗ. ಮಡಚಲಿಕ್ಕೆ ಬರ್ತಿದ್ದಿಲ್ಲ."

"ಹೋಗೂವಾಗ?"

ಪಂಢರಿನಾಥ ನೆನಪು ಮಾಡಿಕೊಂಡ. "ಹೋಗೂವಾಗ ಚೀಲದ ಗಂಟು ತಾನೇ ಬಿಗದಳು."

ಅವ್ವ ಹೂಂ ಅಂದರು. ಮರುದಿನದಿಂದ ಅವನು ಮೊದಲು ಬಿಸಿನೀರಿನಲ್ಲಿ ಲೋಟಗಳನ್ನು ಬೆಚ್ಚಗೆ ಮಾಡಿ, ಆಮೇಲೆ ಪಾನಕ ಹೊಯ್ದು ಕೊಡತೊಡಗಿದ.

ದೀಪಾವಳಿಗೆ ನಾಲ್ಕು ದಿನ ಇತ್ತು. ಇಳಕಲ್ಲಿನ ಒಬ್ಬ ಮುದುಕ ಇಳಿದು ಬಂದ, ನೇಕಾರ. ಪಾನಕ ಕುಡಿದು ಲೋಟದ ಒಳಗೆ ಇಣುಕಿ ನೋಡಿದ. ಆಮೇಲೆ ಅದನ್ನು ಮುಂದೆ ಚಾಚಿದ.

"ಇನ್ನೊಂದೀಟು ಐತೇನು?"

ಇಷ್ಟು ದಿನದಲ್ಲಿ ಯಾರೂ ಎರಡನೆಯ ಸಲ ಕೇಳಿರಲಿಲ್ಲ. ಪಂಢರಿನಾಥ ಲೋಟದ ಅಂಚಿನವರೆಗೆ ಹೊಯ್ದ.

"ನೀನೂ ಕುಡಿಯೋ ತಮ್ಮಾ," ಅಂದ ಮುದುಕ.

"ನಾ ಕುಡಿಯೂದಿಲ್ಲರಿ."

"ಮಾಡಿದಾಂವನ ಕುಡಿಯೂದಿಲ್ಲಂದ್ರ ಹೆಂಗಪಾ? ಇದರಾಗ ಏನು ಹಾಕೀದಿ?" ಮುದುಕ ನಗುತ್ತ ಎರಡನೆಯ ಲೋಟವನ್ನೂ ಕುಡಿದ. ಕುಡಿದು, ತುಟಿ ಒರೆಸಿಕೊಂಡು, ಬಹಳ ಹೊತ್ತು ನದಿಯ ಕಡೆ ನೋಡುತ್ತ ಕೂತ. ಅಮೃತ ಅನ್ನಲಿಲ್ಲ.

ಪಂಢರಿನಾಥನಿಗೆ ಖುಷಿಯಾಯಿತು. ಖುಷಿಯ ಹಿಂದೆಯೇ ಇನ್ನೊಂದು ಬಂತು. ಆ ಮುದುಕನ ಬಾಯಿಯಲ್ಲಿ ಏನಾಯಿತು ಎಂದು ತಿಳಿಯಬೇಕು. ಒಂದೇ ಒಂದು ಸಲ ತಿಳಿಯಬೇಕು.

ಪಾತ್ರೆಯ ಹಬೆ ಮುಖಕ್ಕೆ ಬಡಿಯಿತು. ಅದರಲ್ಲಿ ಅಪ್ಪನ ಕೋಣೆಯ ವಾಸನೆ ಇರಲಿಲ್ಲ. ಯಾವಾಗ ಹೋಯಿತೋ ಅವನಿಗೆ ತಿಳಿದೇ ಇರಲಿಲ್ಲ. ಇದ್ದದ್ದು ಹಣ್ಣಿನ ಪರಿಮಳ, ಬೆಲ್ಲದ್ದು, ಶುಂಠಿಯದ್ದು. ಬಾಯಲ್ಲಿ ನೀರೂರಿತು. ಸೌಟಿನಿಂದ ಒಂದು ಹನಿ ಹೆಬ್ಬೆರಳ ಮೇಲೆ ಬಿದ್ದಿತ್ತು. ಕೈ ತಾನಾಗಿ ತುಟಿಯವರೆಗೆ ಬಂತು.

ಅಲ್ಲಿ ನಿಂತಿತು. ಅವನು ಎದ್ದು ನದಿಗೆ ಹೋಗಿ ಕೈ ತೊಳೆದುಕೊಂಡ. ಎರಡು ಸಲ ಮರಳಿನಲ್ಲಿ ಉಜ್ಜಿದ. ಪರಿಮಳ ಹೋಗಲಿಲ್ಲ.

ಬೆಳಿಗ್ಗೆ ಅವ್ವನ ಮುಂದೆ ಬಂದು ಕೂತ.

"ಅವ್ವ, ವ್ರತದಿಂದ ನನ್ನನ್ನ ಬಿಡಸ್ರಿ."

"ಯಾಕ?"

"ಆಸೆ ಆಗ್ಲಿಕತ್ತದ. ಒಂದು ಗುಟುಕು ಸಿಕ್ರ ಸಾಕು ಅನಸ್ತದ. ನಿನ್ನೆ ಬೆರಳು ಬಾಯಿ ತನಕಾ ಬಂದಿತ್ತು."

"ಕಾಶಿಯೊಳಗ ಬಿಟ್ಟಾಗ ಏನನಿಸಿತ್ತು?"

ಪಂಢರಿನಾಥ ತಲೆ ತಗ್ಗಿಸಿದ. "ಪಾರಾದೆ ಅನಿಸಿತ್ತು. ಅದಕ್ಕ ಹೇಳೂದು ಅವ್ವ. ಬ್ಯಾಡಾದದ್ದನ್ನ ಬಿಟ್ಟು ಬಂದೀನಿ. ಅದು ಅಪ್ಪಗ ಮುಟ್ಟಿರೂದಿಲ್ಲ. ಮುಟ್ಟದ ವ್ರತ ಹಿಡಕೊಂಡು ಯಾಕ ಒದ್ದಾಡ್ಲಿ?"

ಅವ್ವ ನೀರಿನ ಚೊಂಬನ್ನು ಹತ್ತಿರ ಎಳೆದುಕೊಂಡರು.

"ಆತು, ಬಿಡಸ್ತೀನಿ. ಆದ್ರ ಅಪ್ಪನ ಹೆಸರಿಲೆ ಬಿಟ್ಟ ಜಾಗಾ ಖಾಲಿ ಇಡಬಾರದು. ಬದಲಿಗೆ ಒಂದು ಬಿಡಬೇಕು. ನಿನಗ ಜೀವ ಅನ್ನೂ ಹಣ್ಣು ಯಾವುದು?"

"ಮಾವಿನಹಣ್ಣು."

"ಅದನ್ನ ಬಿಡು. ಬಿಟ್ಟು, ಸೇಬಿನ ಪಾನಕ ಕುಡಿ."

ಪಂಢರಿನಾಥನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಾಶಿಯಲ್ಲೇ ಬಿಡಬೇಕಾಗಿದ್ದದ್ದು ಮಾವಿನಹಣ್ಣು. ಈಗ ಬಿಟ್ಟರೆ ಮೋಸ ಸರಿಹೋಗುತ್ತದೆ, ಪಾನಕವೂ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇನ್ನೇನಿದೆ.

ಅವ್ವ ಒಂದು ಲೋಟ ಬಿಸಿ ಪಾನಕ ತಂದು ಅವನ ಮುಂದಿಟ್ಟರು. ಅವನ ಬೊಗಸೆಗೆ ಚೊಂಬಿನಿಂದ ನೀರು ಹಾಕಿದರು.

ಅವನು ಅಪ್ಪನ ಹೆಸರು ಹೇಳಿದ. ಮುಂದಿನ ಮಾತು ಬರಲಿಲ್ಲ. ನೀರು ಬೆರಳ ಸಂದಿಯಿಂದ ಸೋರಿಹೋಯಿತು.

ಅವ್ವ ಮತ್ತೆ ನೀರು ಹಾಕಿದರು. ಅವನು ಮತ್ತೆ ಅಪ್ಪನ ಹೆಸರು ಹೇಳಿ ಅಲ್ಲಿಗೇ ನಿಲ್ಲಿಸಿದ.

"ಏನಾತು?"

"ಅವ್ವ, ಈ ಕಡೆ ಮಾವಿನಹಣ್ಣು ಬರ್ತದೇನು?"

"ಈ ಥಂಡಿಯೊಳಗ ಎಲ್ಲಿಂದ ಬರಬೇಕು? ನಲವತ್ತು ವರ್ಷದಾಗ ಒಂದೂ ಕಂಡಿಲ್ಲ."

"ನಾ ಇನ್ನ ಇಲ್ಲೇ ಇರಾಂವ."

"ಹೌದು."

"ಹಂಗಾದ್ರ ಬಿಟ್ರೂ ಬಿಟ್ಟಂಗಲ್ಲ. ಮತ್ತೊಮ್ಮೆ ಪಾರಾಗ್ತೀನಿ, ಅಷ್ಟ."

ಅವನು ಬೊಗಸೆ ಬಿಡಿಸಿ ನೀರನ್ನು ನೆಲಕ್ಕೆ ಚೆಲ್ಲಿದ. ಲೋಟವನ್ನು ಅವ್ವನ ಕಡೆ ಸರಿಸಿದ. ಸರಿಸುವಾಗ ಹಬೆ ಮುಖಕ್ಕೆ ತಾಕಿತು. ಅವನಿಗೆ ಸಂಕಟವಾಯಿತು, ಕಣ್ಣು ತುಂಬಿದವು.

"ಸೇಬೇ ಇರಲಿ ಅವ್ವ."

"ಸಾಯೋತನಕಾ?"

"ಹೂಂ."

"ಪ್ರತಿ ವರ್ಷಾ ಒಲಿ ಮುಂದ ಕೂತು, ಈ ವಾಸನಿ ಕುಡಕೋತ?"

"ಪ್ರತಿ ವರ್ಷಾ."

"ಎರಡನೇ ಲೋಟ ಕೇಳಿದವರಿಗೆ?"

"ಹೊಯ್ತೀನಿ."

ಅವ್ವ ಒಲೆಯ ಹತ್ತಿರ ಹೋಗಿ, ಆ ಲೋಟಕ್ಕೆ ಇನ್ನಷ್ಟು ಬಿಸಿ ಪಾನಕ ಬೆರೆಸಿ ತುಂಬಿಸಿದರು. ಮೇಲೊಂದು ಎಲೆ ಮುಚ್ಚಿದರು. ತಂದು ಅವನ ಎರಡೂ ಕೈಗಳ ನಡುವೆ ಇಟ್ಟರು.

ಪಂಢರಿನಾಥ ಗಾಬರಿಯಾಗಿ ನೋಡಿದ. "ನಾ ಬ್ಯಾಡ ಅಂದೆನಲ್ಲ ಅವ್ವ."

"ನಿನಗ ಯಾರು ಕೊಟ್ರು?" ಅಂದರು ಅವ್ವ. "ಹೊಳಿಗೆ ಒಯ್ದು ನಿಮ್ಮಪ್ಪಗ ಕೊಡು. ಆರೂದ್ರೊಳಗ ಹೋಗು."